ಬೆರಳಿನ ಅಭಿಧಮನಿಯ ಕೃತಕ ಚಿತ್ರಗಳು ನೋಡಲು ನಿಜದಂತಿವೆ, ತರಬೇತಿಗೆ ಬಳಸಿದರೆ ಫಲವಿಲ್ಲ: ತಪ್ಪು ಎಲ್ಲಿದೆ?

ಪ್ರಶ್ನೆ: ಬೆರಳು_ಬೆಳಕು

ಎಲ್ಲರಿಗೂ ನಮಸ್ಕಾರ. ಬೆರಳಿನೊಳಗಿನ ಅಭಿಧಮನಿಗಳ ವಿನ್ಯಾಸದಿಂದ ವ್ಯಕ್ತಿಯನ್ನು ಗುರುತಿಸುವ ವಿಷಯದಲ್ಲಿ ಸ್ನಾತಕೋತ್ತರ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಈ ಕ್ಷೇತ್ರಕ್ಕೆ ಕಾಲಿಟ್ಟವರಿಗೆಲ್ಲ ಎದುರಾಗುವ ತೊಂದರೆಯೇ ನನಗೂ ಎದುರಾಗಿದೆ: ಚಿತ್ರಗಳು ಸಾಲುವುದಿಲ್ಲ. ಮುಖದ ಚಿತ್ರಗಳಂತೆ ಇವು ಅಂತರಜಾಲದಲ್ಲಿ ಸಿಗುವುದಿಲ್ಲ. ಪ್ರತಿಯೊಂದಕ್ಕೂ ಒಬ್ಬ ಮನುಷ್ಯ ವಿಶೇಷ ಸಾಧನದ ಮುಂದೆ ಕುಳಿತು ಬೆರಳು ಇಡಬೇಕು. ಶಾನ್‌ಡಾಂಗ್ ವಿಶ್ವವಿದ್ಯಾಲಯದ ಎಸ್‌ಡಿಯುಎಂಎಲ್‌ಎ ಸಂಗ್ರಹದಲ್ಲಿ 106 ಜನರ ತಲಾ 6 ಬೆರಳುಗಳ, ಬೆರಳಿಗೆ 6ರಂತೆ, ಒಟ್ಟು 3,816 ಚಿತ್ರಗಳಿವೆ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ 60 ಜನರ 1,440 ಚಿತ್ರಗಳಿವೆ. ಉದಾಹರಣೆಗಳನ್ನು ನೋಡಿ ಕಲಿಯುವ ಕಂಪ್ಯೂಟರ್ ಮಾದರಿಯಾದ ಆಳವಾದ ನರಜಾಲವೊಂದಕ್ಕೆ ಇದು ಒಂದು ತುತ್ತಿಗೂ ಸಾಲದು.

ಆದ್ದರಿಂದ ಕಡಿಮೆ ಚಿತ್ರಗಳಿಂದಲೂ ಕಲಿಯಬಲ್ಲದೆಂದು ಹೆಸರಾದ ಸ್ಟೈಲ್‌ಗ್ಯಾನ್2-ಎಡಿಎ ಮಾದರಿಗೆ (ಕಂಡ ಚಿತ್ರಗಳಂಥವೇ ಹೊಸ ಚಿತ್ರಗಳನ್ನು ಸೃಷ್ಟಿಸುವ, ಗ್ಯಾನ್ ಎಂಬ ಬಗೆಯ ನರಜಾಲ) ಎಸ್‌ಡಿಯುಎಂಎಲ್‌ಎ ಸಂಗ್ರಹವನ್ನು ಪೂರ್ತಿಯಾಗಿ ಕೊಟ್ಟು ತರಬೇತಿ ನೀಡಿದೆ. ಕೃತಕ ಚಿತ್ರಗಳು ನಿಜವಾದವುಗಳಿಂದ ಎಷ್ಟು ದೂರವಿವೆಯೆಂದು ಅಳೆಯುವ ಎಫ್‌ಐಡಿ ಮೌಲ್ಯ ದಿನದಿಂದ ದಿನಕ್ಕೆ ಇಳಿಯಿತು. ನಿಜವಾದ ಹತ್ತು ಚಿತ್ರಗಳನ್ನೂ ಕೃತಕವಾದ ಹತ್ತನ್ನೂ ಬೆರೆಸಿ ನಮ್ಮ ವಿಭಾಗದ ಅಧ್ಯಾಪಕರ ಮುಂದೆ ಇಟ್ಟಾಗ ಅವರಿಗೆ ಯಾವುದು ಯಾವುದೆಂದು ಬೇರ್ಪಡಿಸಲಾಗಲಿಲ್ಲ. ಸಂತೋಷದಿಂದಲೇ ಸಾವಿರಾರು ಕೃತಕ ಬೆರಳುಗಳನ್ನು ಸೃಷ್ಟಿಸಿ, ಪ್ರತಿ ಬೆರಳಿಗೆ ಸ್ವಲ್ಪ ತಿರುಗಿಸಿದ, ಸರಿಸಿದ, ಹೊಳಪು ಬದಲಿಸಿದ ಆರು ಪ್ರತಿಗಳನ್ನು ಮಾಡಿ, ಗುರುತಿಸುವ ಜಾಲಕ್ಕೆ ತರಬೇತಿ ಕೊಟ್ಟೆ. ಎಸ್‌ಡಿಯುಎಂಎಲ್‌ಎ ಮೇಲೆ ಫಲಿತಾಂಶ ತುಸು ಉತ್ತಮಗೊಂಡಿತು. ಆದರೆ ನಾನೇ ಕಟ್ಟಿದ ಪುಟ್ಟ ಸಾಧನದಿಂದ ತೆಗೆದ ಚಿತ್ರಗಳ ಮೇಲೆ ಇಇಆರ್ (ತಪ್ಪಾಗಿ ಒಪ್ಪುವ ಮತ್ತು ತಪ್ಪಾಗಿ ತಿರಸ್ಕರಿಸುವ ಪ್ರಮಾಣಗಳು ಸಮವಾಗುವಲ್ಲಿನ ದೋಷದ ದರ) ಇಳಿಯುವ ಬದಲು ಮೊದಲಿಗಿಂತ ಏರಿತು. ಸಾಧನವೆಂದರೆ ದೊಡ್ಡದೇನಲ್ಲ: ಮೇಲೆ 850 ನ್ಯಾನೊಮೀಟರ್‌ನ ಎಲ್‌ಇಡಿಗಳ ಒಂದು ಸಾಲು, ಕೆಳಗೆ ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕು ತಡೆಯುವ ಫಿಲ್ಟರ್ ಇಲ್ಲದ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಕ್ಯಾಮೆರಾ, ನಡುವೆ ಬೆರಳು ಊರಲು ಪ್ಲಾಸ್ಟಿಕ್ ತೊಟ್ಟಿ.

ಮನುಷ್ಯರ ಕಣ್ಣಿಗೆ ನಿಜವೆನಿಸುವ ಚಿತ್ರ ಯಂತ್ರಕ್ಕೆ ಏಕೆ ನೆರವಾಗಲಿಲ್ಲ? ಚಿತ್ರಗಳ ನೈಜತೆಯನ್ನು ಇನ್ನೂ ಹೆಚ್ಚಿಸಬೇಕೆಂದರೆ ಯಾವ ಕಡೆಯಿಂದ ಆರಂಭಿಸಬೇಕು?

ಉತ್ತರ: ಮಸೂರ

ನಾನು ಅವಕೆಂಪು ಕ್ಯಾಮೆರಾಗಳ ಕಡೆಯವನು; ಗುರುತಿಸುವ ಜಾಲಗಳ ವಿಷಯವನ್ನು ಬಲ್ಲವರು ಹೇಳಲಿ. ನಾನು ಬೆಳಕಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ತೆಗೆದುಹಾಕುವುದು ಒಳ್ಳೆಯದು. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅವಕೆಂಪು ಬೆಳಕನ್ನು ಹೀರುವುದರಿಂದ ಅಭಿಧಮನಿಗಳು ಮಾತ್ರ ಕಪ್ಪಾಗಿ ಕಾಣುತ್ತವೆ ಎಂಬ ವಾಕ್ಯವನ್ನು ಒಂದು ಪ್ರಬಂಧದಿಂದ ಇನ್ನೊಂದಕ್ಕೆ ಎಲ್ಲರೂ ನಕಲಿಸುತ್ತಾ ಬಂದಿದ್ದಾರೆ. 760 ನ್ಯಾನೊಮೀಟರ್ ಸುತ್ತಮುತ್ತ ಅದು ನಿಜ. ಅಲ್ಲಿ ಆ ಹಿಮೋಗ್ಲೋಬಿನ್‌ನ ಹೀರುವಿಕೆಗೆ ಒಂದು ಪುಟ್ಟ ಶಿಖರವಿದೆ. 800ರ ಆಸುಪಾಸಿನಲ್ಲಿ ಎರಡೂ ಬಗೆಯ ಹಿಮೋಗ್ಲೋಬಿನ್ ಸರಿಸಮವಾಗಿ ಹೀರುತ್ತವೆ, ಅದನ್ನು ದಾಟಿದ ಮೇಲೆ ಆಮ್ಲಜನಕ ಹೊತ್ತಿರುವುದೇ ಹೆಚ್ಚು ಹೀರುತ್ತದೆ. ನಿಮ್ಮ 850ರ ಎಲ್‌ಇಡಿ ಕೆಳಗೆ ಅಭಿಧಮನಿ ಕಾಣುತ್ತಿರುವುದಕ್ಕೆ ಅದರೊಳಗಿನ ರಕ್ತದ ಬಗೆಗಿಂತ, ಅದು ಅಗಲವಾಗಿದ್ದು ಚರ್ಮಕ್ಕೆ ಹತ್ತಿರವಿರುವುದೇ ದೊಡ್ಡ ಕಾರಣ. 900ನ್ನು ದಾಟಿದರೆ ನೀರಿನ ಹೀರುವಿಕೆಯೂ ಏರತೊಡಗಿ, ಅಭಿಧಮನಿಗೂ ಸುತ್ತಲಿನ ಮಾಂಸಕ್ಕೂ ಇರುವ ವ್ಯತ್ಯಾಸ ಕುಗ್ಗುತ್ತದೆ. ಸಾಮಾನ್ಯ ಸಿಲಿಕಾನ್ ಸಂವೇದಕದ ಶಕ್ತಿಯೂ ಅಲ್ಲಿ ಕುಂದುತ್ತದೆ. ಹಾಗಾಗಿ ಒಂದು ತರಂಗಾಂತರದ ಚಿತ್ರಗಳಿಂದ ಕಲಿತ ಮಾದರಿ ಇನ್ನೊಂದಕ್ಕೆ ಹಾಗೆಯೇ ಒಗ್ಗುವುದಿಲ್ಲ. ನೀವು ಬಳಸಿದ ಸಂಗ್ರಹದ ಸಾಧನ ಬೇರೆ, ನಿಮ್ಮ ಸಾಧನ ಬೇರೆ ಎಂಬುದನ್ನು ಇಲ್ಲೇ ಗಮನಿಸಿ.

ಎರಡನೆಯದು ಮಸುಕು. ಕೃತಕ ಚಿತ್ರಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಚರ್ಮದೊಳಗೆ ಬೆಳಕು ನೆಟ್ಟಗೆ ಸಾಗುವುದಿಲ್ಲ. ಹೆಜ್ಜೆ ಹೆಜ್ಜೆಗೂ ಚದುರುತ್ತದೆ, ಬಹುಪಾಲು ಮುಂದಕ್ಕೇ ಚದುರಿದರೂ ಕೆಲವು ಮಿಲಿಮೀಟರ್ ಕ್ರಮಿಸುವುದರೊಳಗೆ ದಿಕ್ಕನ್ನೇ ಮರೆತಿರುತ್ತದೆ. ಆದ್ದರಿಂದ ಕ್ಯಾಮೆರಾ ಇರುವ ಬದಿಯ ಚರ್ಮಕ್ಕೆ ಅಂಟಿಕೊಂಡಂತಿರುವ ನಾಳದ ಅಂಚು ಚೂಪಾಗಿಯೂ, ಒಂದೆರಡು ಮಿಲಿಮೀಟರ್ ಆಳದಲ್ಲಿರುವುದರ ಅಂಚು ಹರಡಿಕೊಂಡೂ ಕಾಣುತ್ತದೆ, ಇನ್ನೂ ಆಳದ್ದು ಬರೀ ಒಂದು ನೆರಳಾಗಿ ಉಳಿಯುತ್ತದೆ. ಒಂದೇ ನಾಳ ಮೇಲೆದ್ದು ಕೆಳಗಿಳಿಯುವುದರಿಂದ ಅದರ ಉದ್ದಕ್ಕೂ ಚೂಪುತನ ಬದಲಾಗುತ್ತಲೇ ಇರುತ್ತದೆ. ಕೃತಕ ಚಿತ್ರಗಳಲ್ಲಿ ಇಡೀ ನಾಳಗಳ ಜಾಲಕ್ಕೆ ಒಂದೇ ಪ್ರಮಾಣದ ಮಸುಕು ಬಳಿದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಾಳವು ಕಾಗದದ ಮೇಲೆ ಬರೆದ ಗೆರೆಯಲ್ಲ, ಹಾಲಿನಲ್ಲಿ ಮುಳುಗಿಸಿದ ದಾರ.

ಇದನ್ನು ಸರಿಯಾಗಿ ಲೆಕ್ಕ ಹಾಕಬೇಕೆಂದರೆ ಫೋಟಾನ್‌ಗಳನ್ನು ಒಂದೊಂದಾಗಿ ಹಿಂಬಾಲಿಸುವ ಮಾಂಟೆ ಕಾರ್ಲೊ ವಿಧಾನವಿದೆ. ಪದರಗಳಿರುವ ಅಂಗಾಂಶಕ್ಕಾಗಿ ಬರೆದ ಎಂಸಿಎಂಎಲ್ 1995ರಿಂದಲೂ ಬಳಕೆಯಲ್ಲಿದೆ, ಗ್ರಾಫಿಕ್ಸ್ ಕಾರ್ಡಿನ ಮೇಲೆ ಓಡುವ ಎಂಸಿಎಕ್ಸ್ 2009ರಲ್ಲಿ ಬಂದಿತು. ಸಾವಿರಾರು ಬೆರಳುಗಳಿಗೆ ಇದನ್ನು ಓಡಿಸುವುದು ನಿಮ್ಮ ಕಂಪ್ಯೂಟರಿಗೆ ಭಾರವಾದೀತು. ಕೆಲವೇ ಆಳಗಳಿಗೆ ಮಾಂಟೆ ಕಾರ್ಲೊ ನಡೆಸಿ, ಪ್ರತಿ ಆಳಕ್ಕೂ ಎಷ್ಟು ಮಸುಕು ಎಂಬ ಕೋಷ್ಟಕ ಮಾಡಿಕೊಂಡು, ಉಳಿದುದಕ್ಕೆ ಅದನ್ನೇ ಬಳಸಿದರೆ ಸಾಕು.

ಇನ್ನು ಗೆಣ್ಣುಗಳು. ಮೇಲಿನಿಂದ ಬೆಳಕು ಹಾಯಿಸಿ ಕೆಳಗಿನಿಂದ ತೆಗೆದ ಬೆರಳಿನ ಚಿತ್ರವನ್ನು ದಿಟ್ಟಿಸಿ ನೋಡಿದರೆ ಗೆಣ್ಣು ಇರುವಲ್ಲಿ ಅಡ್ಡಲಾಗಿ ಒಂದು ಬೆಳ್ಳನೆಯ ಪಟ್ಟಿ ಕಾಣುತ್ತದೆ. ಎರಡು ಮೂಳೆಗಳ ನಡುವಿನ ಕೀಲಿನಲ್ಲಿ ದ್ರವವಿದ್ದು, ಮೂಳೆಗಿಂತ ಸುಲಭವಾಗಿ ಬೆಳಕನ್ನು ಬಿಟ್ಟುಕೊಡುವುದೇ ಇದಕ್ಕೆ ಕಾರಣ. ನಿಮ್ಮ ಗ್ಯಾನ್ ಈ ಪಟ್ಟಿಯನ್ನು ಕಲಿತಿರಬಹುದು, ಆದರೆ ಪಟ್ಟಿಯನ್ನು ಹಾಯುವ ನಾಳದ ಕಪ್ಪು ಅಲ್ಲಿ ಹೇಗೆ ಬದಲಾಗಬೇಕೆಂಬುದನ್ನು ಕಲಿತಿದೆಯೇ ಎಂದು ಪರೀಕ್ಷಿಸಿ. ಕಿರುಬೆರಳಿನಂಥ ತೆಳು ಬೆರಳಾದರೆ ಬೆಳಕು ಬದಿಗಳಿಂದ ಸೋರಿ ಅಂಚುಗಳು ಪೂರ್ತಿ ಬೆಳ್ಳಗಾಗುತ್ತವೆ. ಅಲ್ಲಿನ ನಾಳಗಳು ಚಿತ್ರದಲ್ಲಿ ಇಲ್ಲವೇ ಇಲ್ಲ.

ಕೊನೆಗೆ ಗದ್ದಲ, ಅಂದರೆ ಚಿತ್ರದಲ್ಲಿ ಬೇಡದೆ ಮೂಡುವ ಕಾಳುಕಾಳಾದ ಏರುಪೇರು. ಸಂವೇದಕದ ಗದ್ದಲ ಹುಟ್ಟುವುದು ಬೆಳಕು ಚರ್ಮವನ್ನೂ ಮಸೂರವನ್ನೂ ದಾಟಿ ಬಂದ ನಂತರ. ಹಾಗಾಗಿ ಅದನ್ನು ಎಲ್ಲ ಮಸುಕಿನ ಬಳಿಕ, ಚಿತ್ರದ ಅಳತೆಯನ್ನು ಅಂತಿಮಗೊಳಿಸಿದ ಮೇಲೆ ಸೇರಿಸಬೇಕು, ಮತ್ತು ಅದು ಬೆಳಗಿರುವ ಕಡೆ ಹೆಚ್ಚು, ಕತ್ತಲಿರುವ ಕಡೆ ಕಡಿಮೆ ಇರಬೇಕು. ಗದ್ದಲ ಸೇರಿಸಿ ಆಮೇಲೆ ಚಿತ್ರದ ಅಳತೆ ಬದಲಿಸಿದರೆ ಅದರ ಸ್ವರೂಪವೇ ಬದಲಾಗುತ್ತದೆ. ಮನುಷ್ಯರಿಗೆ ಇದು ಕಾಣುವುದಿಲ್ಲ, ಜಾಲಕ್ಕೆ ಮೊದಲು ಕಾಣುವುದೇ ಇದು.

ಉತ್ತರ: ಹೊಂದಾಣಿಕೆ

ಮಸೂರ ಅವರು ಹೇಳಿದ್ದೆಲ್ಲವೂ ಸರಿ, ಆದರೆ ಅದೆಲ್ಲವನ್ನೂ ಮಾಡಿ ಮುಗಿಸಿದರೂ ನಿಮ್ಮ ಇಇಆರ್ ಇಳಿಯದೆ ಹೋಗಬಹುದು ಎಂಬುದು ನನ್ನ ಅಭಿಪ್ರಾಯ. ನೀವು ನೈಜತೆಯನ್ನು ಒಂದೊಂದು ಚಿತ್ರದೊಳಗೆ ಹುಡುಕುತ್ತಿದ್ದೀರಿ. ಗುರುತಿಸುವ ಜಾಲ ಕಲಿಯುವುದು ಚಿತ್ರಗಳ ಜೋಡಿಗಳಿಂದ. ಒಂದೇ ಬೆರಳನ್ನು ಇಂದು ಒಮ್ಮೆ, ತಿಂಗಳ ನಂತರ ಒಮ್ಮೆ ಇಟ್ಟಾಗ ಏನೇನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬುದೇ ಅದರ ಪಾಠ. ನಿಮ್ಮ ಆರು ಪ್ರತಿಗಳು ಈ ಪಾಠವನ್ನೇ ತಪ್ಪಾಗಿ ಹೇಳಿಕೊಟ್ಟಿವೆ.

ನಿಜವಾದ ಬೆರಳು ತೊಟ್ಟಿಯಲ್ಲಿ ಕುಳಿತಾಗ ಕಾಗದದಂತೆ ಅದೇ ಸಮತಲದಲ್ಲಿ ತಿರುಗುವುದಿಲ್ಲ. ತನ್ನ ಉದ್ದನೆಯ ಅಕ್ಷದ ಸುತ್ತ ಹೊರಳುತ್ತದೆ. ಹೊರಳಿದಾಗ ಮೇಲಿನ ನಾಳ ಹೆಚ್ಚು ಸರಿದು ಒಳಗಿನದು ಕಡಿಮೆ ಸರಿಯುವುದರಿಂದ ಅವುಗಳ ನಡುವಿನ ಅಂತರವೇ ಬದಲಾಗುತ್ತದೆ, ಒಂದು ಅಂಚಿನಲ್ಲಿ ಹೊಸ ನಾಳ ಮೂಡಿ ಇನ್ನೊಂದು ಅಂಚಿನಲ್ಲಿ ಹಳೆಯದು ಮರೆಯಾಗುತ್ತದೆ. ಬೆರಳಿನ ಅಭಿಧಮನಿ ಗುರುತಿಸುವಿಕೆಯನ್ನು ಕೆಡಿಸುವುದರಲ್ಲಿ ಈ ಹೊರಳುವಿಕೆಗೆ ದೊಡ್ಡ ಪಾಲಿದೆಯೆಂದು ಆಸ್ಟ್ರಿಯದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಬೆರಳಿನ ಸುತ್ತ ಬೇರೆ ಬೇರೆ ಕೋನಗಳಿಂದ ಚಿತ್ರ ತೆಗೆದು ವಿವರವಾಗಿ ತೋರಿಸಿದ್ದಾರೆ. ಇದರ ಜೊತೆಗೆ, ತೊಟ್ಟಿಗೆ ಬೆರಳನ್ನು ಒತ್ತಿದರೆ ನಾಳ ಚಪ್ಪಟೆಯಾಗಿ ರಕ್ತ ಜಾರಿಹೋಗುತ್ತದೆ, ಚಳಿಯಲ್ಲಿ ಸಂಕುಚಿಸುತ್ತದೆ, ಬಿಸಿಲಿನಿಂದ ಬಂದವರಲ್ಲಿ ಉಬ್ಬಿರುತ್ತದೆ. ಎರಡು ಆಯಾಮದ ಚಿತ್ರವನ್ನು ಐದು ಡಿಗ್ರಿ ತಿರುಗಿಸಿ ಹೊಳಪು ಏರಿಳಿಸಿದರೆ ಇವುಗಳಲ್ಲಿ ಯಾವುದೂ ಬರುವುದಿಲ್ಲ. ಜಾಲವು ಸುಲಭದ ಜೋಡಿಗಳನ್ನು ನೋಡಿ ನೋಡಿ ಸೋಮಾರಿಯಾಗಿದೆ, ನಿಮ್ಮ ರಾಸ್ಪ್‌ಬೆರಿ ಪೈ ಚಿತ್ರಗಳ ಮುಂದೆ ಕಂಗಾಲಾಗಿದೆ.

ನನಗೆ ಅನುಮಾನವಿರುವ ಇನ್ನೊಂದು ಸ್ಥಳ ಎಫ್‌ಐಡಿ. ಅದು ನಾಯಿ, ಬೆಕ್ಕು, ಕಾರು, ಕುರ್ಚಿಗಳಿರುವ ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹದಿಂದ ಕಲಿತ ಇನ್ಸೆಪ್ಷನ್ ಜಾಲದ 2,048 ಲಕ್ಷಣಗಳನ್ನು ಹೋಲಿಸುತ್ತದೆ. ಬೂದುಬಣ್ಣದ ಚಿತ್ರದಲ್ಲಿ ನಾಲ್ಕಾರು ಪಿಕ್ಸೆಲ್ ಅಗಲದ ಮಸುಕು ಗೆರೆಯ ಕವಲು ಎಲ್ಲಿದೆಯೆಂಬುದು ಆ ಜಾಲಕ್ಕೆ ಮುಖ್ಯವೇ ಅಲ್ಲ. ಚಿತ್ರಗಳ ಸಂಖ್ಯೆ ಕಡಿಮೆಯಿದ್ದಾಗ ಅದರ ಮೌಲ್ಯವೇ ಓಲಾಡುತ್ತದೆ. ಇದಕ್ಕಿಂತ ಗಂಭೀರವಾದದ್ದು, ನೀವು ಬಳಸಿದ ಸಂಗ್ರಹದ ಚಿತ್ರಗಳಲ್ಲಿ ಬೆರಳಿನ ಸುತ್ತ ಸಾಧನದ ಒಳಭಾಗವೂ ಕಾಣುತ್ತದೆ. ಗ್ಯಾನ್ ಆ ಹಿನ್ನೆಲೆಯನ್ನೂ ಬೆರಳಿನ ಹೊರರೇಖೆಯನ್ನೂ ಚೆನ್ನಾಗಿ ಕಲಿತಂತೆಲ್ಲ ಎಫ್‌ಐಡಿ ಇಳಿಯುತ್ತದೆ. ನಿಮ್ಮ ಅಧ್ಯಾಪಕರು ಒಪ್ಪಿದ್ದು ಕೂಡ ಬಹುಶಃ ಪೆಟ್ಟಿಗೆಯನ್ನೇ ಹೊರತು ನಾಳಗಳನ್ನಲ್ಲ. ಬೆರಳಿನ ಭಾಗವನ್ನಷ್ಟೇ ಕತ್ತರಿಸಿ ಮತ್ತೊಮ್ಮೆ ತರಬೇತಿ ಕೊಡಿ.

ಅಳೆಯಲು ಹೀಗೆ ಮಾಡಿ. ಜಾಲವನ್ನು ಬದಿಗಿಟ್ಟು, ಹಿಟಾಚಿಯ ಮಿಯುರಾ ಮತ್ತು ಸಂಗಡಿಗರು ರೂಪಿಸಿದ ಗರಿಷ್ಠ ವಕ್ರತೆಯ ವಿಧಾನದಂಥ, ತರಬೇತಿ ಬೇಡದ ಹಳೆಯ ವಿಧಾನದಿಂದ ನಾಳಗಳನ್ನು ಹೊರತೆಗೆಯಿರಿ. ನಿಜವಾದ ಸಂಗ್ರಹದಲ್ಲಿ ಒಂದೇ ಬೆರಳಿನ ಜೋಡಿಗಳ ಹೋಲಿಕೆಯ ಅಂಕಗಳು ಹೇಗೆ ಹರಡಿವೆ, ಬೇರೆ ಬೇರೆ ಬೆರಳುಗಳ ಜೋಡಿಗಳ ಅಂಕಗಳು ಹೇಗೆ ಹರಡಿವೆ ಎಂಬ ಎರಡು ನಕ್ಷೆಗಳನ್ನು ಬರೆಯಿರಿ. ಕೃತಕ ಸಂಗ್ರಹಕ್ಕೂ ಹಾಗೆಯೇ ಮಾಡಿ, ಒಂದರ ಮೇಲೊಂದು ಇಟ್ಟು ನೋಡಿ. ನನ್ನ ಊಹೆಯೆಂದರೆ ಬೇರೆ ಬೇರೆ ಬೆರಳುಗಳ ನಕ್ಷೆ ಸುಮಾರಾಗಿ ಹೊಂದುತ್ತದೆ, ಒಂದೇ ಬೆರಳಿನದ್ದು ಹೊಂದುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ನೀವು ಸಂಗ್ರಹವನ್ನು ಪೂರ್ತಿಯಾಗಿ ಗ್ಯಾನ್‌ಗೆ ಕೊಟ್ಟಿದ್ದೀರಿ. ಅಂದಮೇಲೆ ಪರೀಕ್ಷೆಗೆ ಇಟ್ಟ ಜನರ ಬೆರಳುಗಳನ್ನೂ ಅದು ನೋಡಿದೆ, ಆದ್ದರಿಂದ ಆ ಸಂಗ್ರಹದ ಮೇಲೆ ಕಂಡ ಸುಧಾರಣೆಗೆ ಬೆಲೆಯಿಲ್ಲ. ವಿಂಗಡಣೆಯನ್ನು ಚಿತ್ರಗಳ ಲೆಕ್ಕದಲ್ಲಿ ಮಾಡದೆ ವ್ಯಕ್ತಿಗಳ ಲೆಕ್ಕದಲ್ಲಿ ಮಾಡಿ, ಪರೀಕ್ಷೆಯ ವ್ಯಕ್ತಿಗಳನ್ನು ಗ್ಯಾನ್‌ನ ಕಣ್ಣಿಗೂ ಬೀಳದಂತೆ ಇಡಿ. 106 ಜನರ 636 ಬೆರಳುಗಳನ್ನಷ್ಟೇ ಕಂಡ ಮಾದರಿಯು ಸಾವಿರಾರು ಹೊಸ ಬೆರಳು ಕೊಟ್ಟಿತೆಂದರೆ ಅವುಗಳಲ್ಲಿ ಎಷ್ಟು ನಿಜವಾಗಿಯೂ ಹೊಸವು, ಎಷ್ಟು ಹಳೆಯವೇ ವೇಷ ಬದಲಿಸಿಕೊಂಡು ಬಂದಿವೆ ಎಂಬುದನ್ನೂ ಪ್ರತಿಯೊಂದಕ್ಕೆ ಅತಿ ಹತ್ತಿರದ ನಿಜವಾದ ಬೆರಳನ್ನು ಹುಡುಕಿ ನೋಡಬೇಕು. ಹಾಗೆ ಬಂದಿದ್ದರೆ ಅದು ಬರೀ ತಾಂತ್ರಿಕ ದೋಷವಾಗಿ ಉಳಿಯುವುದಿಲ್ಲ. ಆ ವ್ಯಕ್ತಿ ಒಪ್ಪಿಗೆ ಕೊಟ್ಟಿದ್ದು ತನ್ನ ಬೆರಳನ್ನು ಇನ್ನೊಂದು ಹೆಸರಿನಲ್ಲಿ ಹಂಚುವುದಕ್ಕಲ್ಲ.

ಬೆರಳು_ಬೆಳಕು

ಇಬ್ಬರಿಗೂ ಧನ್ಯವಾದಗಳು. ಎರಡು ದಿನ ಕುಳಿತು ನಕ್ಷೆಗಳನ್ನು ಬರೆದೆ. ಹೊಂದಾಣಿಕೆ ಅವರು ಊಹಿಸಿದಂತೆಯೇ ಆಗಿದೆ. ಕೃತಕ ಬೆರಳುಗಳ ಒಂದೇ ಬೆರಳಿನ ಜೋಡಿಗಳ ಅಂಕಗಳೆಲ್ಲ ಬಲತುದಿಯಲ್ಲಿ ಗುಡ್ಡೆ ಬಿದ್ದಿವೆ; ನಿಜವಾದವು ಉದ್ದನೆಯ ಬಾಲದೊಂದಿಗೆ ಎಡಕ್ಕೆ ಚಾಚಿ, ಬೇರೆ ಬೆರಳುಗಳ ಅಂಕಗಳೊಳಗೆ ನುಗ್ಗಿವೆ. ನನ್ನ ಸಾಧನದ ಚಿತ್ರಗಳಲ್ಲಿ ಈ ಬಾಲ ಇನ್ನೂ ಉದ್ದವಾಗಿದೆ. ಹಿನ್ನೆಲೆ ಕತ್ತರಿಸಿದ ಮೇಲೆ ಗ್ಯಾನ್‌ನ ಚಿತ್ರಗಳನ್ನು ದೊಡ್ಡದಾಗಿಸಿ ನೋಡಿದರೆ ನಾಳಗಳು ಅಲ್ಲಲ್ಲಿ ಕಾರಣವಿಲ್ಲದೆ ತುಂಡಾಗಿರುವುದೂ ಕಾಣುತ್ತಿದೆ. ಮೊದಲು ಇದು ಹೇಗೆ ಕಣ್ತಪ್ಪಿತೋ ತಿಳಿಯದು.

ಹಾಗಾದರೆ ಮೂರು ಆಯಾಮದಲ್ಲಿ ನಾಳಗಳ ಜಾಲವನ್ನು ಮೊದಲು ಕಟ್ಟಿ, ಅದನ್ನು ಹೊರಳಿಸಿ, ಉಬ್ಬಿಸಿ, ಒತ್ತಿ, ಪ್ರತಿ ಸಲವೂ ಹೊಸದಾಗಿ ಚಿತ್ರವಾಗಿಸಬೇಕೆಂದು ಅರ್ಥವಾಯಿತು. ಆದರೆ ಆ ಜಾಲವನ್ನು ಕಟ್ಟುವುದು ಹೇಗೆ? ಗಿಡದ ಕವಲುಗಳನ್ನು ಬರೆಯಲು ಬಳಸುವ ಲಿಂಡನ್‌ಮೇಯರ್ ವ್ಯಾಕರಣದಿಂದ ಒಂದು ಪ್ರಯತ್ನ ಮಾಡಿದೆ. ಬಂದದ್ದು ಬೆರಳಿನೊಳಗೆ ಬೆಳೆದ ನುಗ್ಗೆಮರದಂತಿತ್ತು.

ಉತ್ತರ: ಕವಲುದಾರಿ

ನುಗ್ಗೆಮರದ ಮಾತು ಕೇಳಿ ನಗು ಬಂತು, ಆದರೆ ದೋಷ ಅದರಲ್ಲೇ ಇದೆ. ಮರದ ಕವಲುಗಳು ಒಮ್ಮೆ ಬೇರೆಯಾದರೆ ಮತ್ತೆ ಕೂಡುವುದಿಲ್ಲ. ಕೈಯ ಅಭಿಧಮನಿಗಳು ಬೇರೆಯಾಗುತ್ತವೆ, ಮುಂದೆ ಹೋಗಿ ಕೂಡುತ್ತವೆ, ಅಡ್ಡಸೇತುವೆಗಳಿಂದ ಒಂದಕ್ಕೊಂದು ಕೈಚಾಚುತ್ತವೆ. ನಿಮ್ಮ ಅಂಗೈಯ ಹಿಂಬದಿಯನ್ನೇ ನೋಡಿಕೊಳ್ಳಿ, ಅಲ್ಲಿ ಸುತ್ತುಗಟ್ಟಿದ ಬಲೆ ಕಾಣುತ್ತದೆ. ಆದ್ದರಿಂದ ಮರವನ್ನಷ್ಟೇ ಬೆಳೆಸುವ ಯಾವ ವಿಧಾನವೂ ಇಲ್ಲಿ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಎಲೆಯ ನರಗಳನ್ನು ಬರೆಯಲು ರೂಪಿಸಿದ, ಖಾಲಿ ಜಾಗದಲ್ಲಿ ಚೆಲ್ಲಿದ ಬಿಂದುಗಳ ಕಡೆಗೆ ಕವಲುಗಳು ಚಾಚಿಕೊಳ್ಳುತ್ತಾ ಹೋಗುವ ವಿಧಾನ ಇದಕ್ಕಿಂತ ವಾಸಿ, ಏಕೆಂದರೆ ಅದರಲ್ಲಿ ಎರಡು ಕವಲುಗಳು ಒಂದೇ ಬಿಂದುವನ್ನು ತಲುಪಿದಾಗ ಕೂಡಿಕೊಳ್ಳುವಂತೆ ಮಾಡಬಹುದು. ಬಿಂದುಗಳನ್ನು ಬೆರಳಿನ ಆಕಾರದ ಕೊಳವೆಯೊಳಗೆ, ಚರ್ಮದಿಂದ ಒಂದೆರಡು ಮಿಲಿಮೀಟರ್ ಕೆಳಗಿನ ಪದರದಲ್ಲಿ ದಟ್ಟವಾಗಿ, ಮೂಳೆಯಿರುವ ನಡುಭಾಗದಲ್ಲಿ ಇಲ್ಲವೇ ಇಲ್ಲದಂತೆ ಚೆಲ್ಲಿ.

ದಪ್ಪದ ವಿಷಯಕ್ಕೆ ಮರ‍್ರೆಯ ನಿಯಮ ನೆರವಾಗುತ್ತದೆ. 1926ರಲ್ಲಿ ಸೆಸಿಲ್ ಮರ‍್ರೆ ಹೇಳಿದ್ದು ಇಷ್ಟು: ರಕ್ತವನ್ನು ಸಾಗಿಸುವ ಶ್ರಮ ಕನಿಷ್ಠವಾಗಬೇಕಾದರೆ ದೊಡ್ಡ ನಾಳದ ತ್ರಿಜ್ಯದ ಘನವು ಅದರ ಕವಲುಗಳ ತ್ರಿಜ್ಯಗಳ ಘನಗಳ ಮೊತ್ತಕ್ಕೆ ಸಮವಾಗಿರಬೇಕು. ಸರಿಸಮನಾದ ಎರಡು ಕವಲುಗಳಾದರೆ ಪ್ರತಿಯೊಂದರ ತ್ರಿಜ್ಯ ಮೂಲದ ಸುಮಾರು 0.79 ಪಟ್ಟು ಬರುತ್ತದೆ. ಕೃತಕ ಚಿತ್ರ ಬರೆಯುವವರು ಪ್ರತಿ ಕವಲಿನಲ್ಲಿ ದಪ್ಪವನ್ನು ಅರ್ಧಕ್ಕೆ ಇಳಿಸುವುದುಂಟು. ನಿಮ್ಮ ನುಗ್ಗೆಮರದ ತುದಿಗಳು ಅಷ್ಟು ಬಡಕಲಾಗಿದ್ದರೆ ಅದೇ ಕಾರಣವಿರಬೇಕು. ಅಭಿಧಮನಿಗಳ ಗೋಡೆ ತೆಳು, ಅವು ಸುಲಭವಾಗಿ ಹಿಗ್ಗುತ್ತವೆ, ಹಾಗಾಗಿ ಅವು ಈ ನಿಯಮವನ್ನು ಅಪಧಮನಿಗಳಷ್ಟು ನಿಷ್ಠೆಯಿಂದ ಪಾಲಿಸುವುದಿಲ್ಲ. ನಿಯಮದಿಂದ ಆರಂಭಿಸಿ, ಆಮೇಲೆ ಸ್ವಲ್ಪ ಅಲುಗಾಡಿಸಿ.

ಒಂದು ಮಾತನ್ನು ಇಲ್ಲಿ ಸೇರಿಸಬೇಕೆನಿಸುತ್ತದೆ. ಆಡುಮಾತಿನಲ್ಲಿ ನಾವು ಅಭಿಧಮನಿಗೆ ನರ ಎಂದೇ ಹೇಳುವುದು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ಬಂದ ನರ್ಸ್ ಕೈಯನ್ನು ತಟ್ಟಿ, ಮುಷ್ಟಿ ಬಿಗಿಹಿಡಿಯಲು ಹೇಳಿ, ಕೊನೆಗೆ "ನರ ಸಿಗ್ತಾ ಇಲ್ಲ" ಎಂದು ಇನ್ನೊಂದು ಕೈಯನ್ನು ಕೇಳುವುದನ್ನು ನೀವೂ ಕಂಡಿರುತ್ತೀರಿ. ಅಂಥ ಕೈಗಳು ನಿಮ್ಮ ಕೃತಕ ಸಂಗ್ರಹದಲ್ಲಿ ಎಷ್ಟಿವೆ? ಚರ್ಮದಡಿಯ ಕೊಬ್ಬು ದಪ್ಪವಿರುವವರು, ವಯಸ್ಸಾದವರು, ಚಳಿಗೆ ಕೈ ತಣ್ಣಗಾದವರು, ಕೆಲಸ ಮಾಡಿ ಅಂಗೈ ಜಡ್ಡುಗಟ್ಟಿದವರು ಇವರೆಲ್ಲರ ಚಿತ್ರಗಳಲ್ಲಿ ನಾಳಗಳು ಅರ್ಧಂಬರ್ಧ ಕಾಣುತ್ತವೆ. ಕೃತಕ ಚಿತ್ರ ಮಾಡುವವರಿಗೆ ಸುಂದರವಾದ ನಾಳಗಳ ಮೇಲೆ ಒಂದು ಮೋಹವಿರುತ್ತದೆ. ಕೆಟ್ಟ ಚಿತ್ರಗಳನ್ನು ತಪ್ಪೆಂದು ಎಸೆದುಬಿಡುತ್ತಾರೆ. ನಿಜವಾದ ಸಾಧನ ಸೋಲುವುದು ಆ ಕೆಟ್ಟ ಚಿತ್ರಗಳ ಮುಂದೆಯೇ.

ನಿಮಗಿಂತ ಮೊದಲು ಇದೇ ದಾರಿಯಲ್ಲಿ ನಡೆದವರು ಬೆರಳಚ್ಚಿನವರು. ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯದ ಕಪ್ಪೆಲ್ಲಿ, ಮಾಯೊ, ಮಲ್ಟೋನಿ ರೂಪಿಸಿದ ಎಸ್‌ಫಿಂಜ್ ಎಂಬ ತಂತ್ರಾಂಶ ಮೊದಲು ಒಂದು ಮೂಲ ಬೆರಳಚ್ಚನ್ನು ಸೃಷ್ಟಿಸುತ್ತದೆ. ಅದನ್ನು ಯಾರಿಗೂ ತೋರಿಸುವುದಿಲ್ಲ. ಅನಂತರ ಅದೇ ಮೂಲದಿಂದ ಬೆರಳು ಒತ್ತಿದ ಜಾಗ, ಚರ್ಮ ಎಳೆದುಕೊಂಡ ಬಗೆ, ಒಣಗಿದ ಅಥವಾ ಬೆವೆತ ಚರ್ಮ, ಗದ್ದಲ ಇವನ್ನೆಲ್ಲ ಬದಲಿಸುತ್ತಾ ಒಂದೊಂದೇ ಅಚ್ಚನ್ನು ಒತ್ತುತ್ತದೆ. 2000ದಲ್ಲಿ ನಡೆದ ಎಫ್‌ವಿಸಿ ಎಂಬ ಬೆರಳಚ್ಚು ಸ್ಪರ್ಧೆಯ ನಾಲ್ಕು ಸಂಗ್ರಹಗಳಲ್ಲಿ ನಾಲ್ಕನೆಯದು ಈ ತಂತ್ರಾಂಶದಿಂದಲೇ ಬಂದದ್ದು. ಆ ಕೃತಕ ಸಂಗ್ರಹದ ಮೇಲೆ ಸ್ಪರ್ಧಿಗಳ ಸಾಧನೆ, ನಿಜವಾದ ಸಂಗ್ರಹಗಳ ಮೇಲಿನ ಸಾಧನೆಗೆ ಹೊಂದುವಂತೆಯೇ ಇತ್ತು. ನಾನು ನಂಬುವ ಪರೀಕ್ಷೆ ಇದೊಂದೇ. ಐದಾರು ಬೇರೆ ಬೇರೆ ಗುರುತಿಸುವ ವಿಧಾನಗಳನ್ನು ಎರಡೂ ಸಂಗ್ರಹಗಳ ಮೇಲೆ ಓಡಿಸಿ. ನಿಜವಾದುದರ ಮೇಲೆ ಮೊದಲು ನಿಂತದ್ದು ಕೃತಕದ ಮೇಲೆ ಕೊನೆಗೆ ನಿಂತರೆ ನಿಮ್ಮ ಚಿತ್ರಗಳು ಎಷ್ಟೇ ಅಂದವಾಗಿದ್ದರೂ ಬಿಸಾಡಬೇಕು.

ಉತ್ತರ: ಮಸೂರ

ಕವಲುದಾರಿ ಅವರ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಇದನ್ನು ಓದಿದವರು ಗ್ಯಾನ್‌ಗಳನ್ನು ಪೂರ್ತಿ ಕೈಬಿಡಬೇಕೆಂದು ತಿಳಿಯುವ ಅಪಾಯವಿರುವುದರಿಂದ ಸ್ವಲ್ಪ ವಿರೋಧವನ್ನೂ ದಾಖಲಿಸುತ್ತೇನೆ. ಜ್ಯಾಮಿತಿಯನ್ನೂ ಬೆಳಕನ್ನೂ ಎಷ್ಟೇ ಶ್ರದ್ಧೆಯಿಂದ ಲೆಕ್ಕ ಹಾಕಿದರೂ ಚರ್ಮದ ಸುಕ್ಕು, ಗೆಣ್ಣಿನ ಮಡಿಕೆ, ಮಸೂರದ ಮೇಲಿನ ಜಿಡ್ಡು, ಎಲ್‌ಇಡಿಗಳ ಏರುಪೇರು ಇವನ್ನೆಲ್ಲ ಕೈಯಿಂದ ಬರೆದು ಮುಗಿಸಲಾಗುವುದಿಲ್ಲ. ಕೊನೆಯ ಬಣ್ಣ ಬಳಿಯುವ ಕೆಲಸಕ್ಕೆ ಜೋಡಿ ಚಿತ್ರಗಳು ಬೇಡದ ಸೈಕಲ್‌ಗ್ಯಾನ್‌ನಂಥ ಮಾದರಿ ಒಳ್ಳೆಯ ಆಳು. ಆದರೆ ಆಳಿನ ಮೇಲೆ ಕಣ್ಣಿಟ್ಟಿರಬೇಕು, ಏಕೆಂದರೆ ಚಿತ್ರ ನಿಜದಂತಾಗಲೆಂದು ಅದು ಇಲ್ಲದ ನಾಳವನ್ನು ಎಳೆಯುತ್ತದೆ, ಇರುವುದನ್ನು ಅಳಿಸುತ್ತದೆ. ಒಂದೇ ಬೆರಳಿನ ಎರಡು ಪ್ರತಿಗಳಲ್ಲಿ ಎರಡು ರೀತಿ ಎಳೆದರೆ ನೀವು ಕಟ್ಟಿದ ಗುರುತೇ ಕೆಟ್ಟಿತು. ಹೊರಬಂದ ಪ್ರತಿಯೊಂದು ಚಿತ್ರದಿಂದಲೂ ನಾಳಗಳನ್ನು ಮತ್ತೆ ಹೊರತೆಗೆದು, ಒಳಗೆ ಕೊಟ್ಟ ನಕ್ಷೆಯೊಂದಿಗೆ ಹೋಲಿಸಿ, ಒಂದು ಮಿತಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಬದಿಗಿಡಿ. ಹಾಗೆ ಬದಿಗಿಡುವಾಗ ಕವಲುದಾರಿ ಅವರು ಹೇಳಿದ ಮಸುಕು ಕೈಗಳೆಲ್ಲ ಅದರೊಂದಿಗೆ ಹೋಗದಂತೆ ಎಚ್ಚರ ವಹಿಸಿ: ಆಳದಿಂದಾಗಿ ಕಾಣದ ನಾಳ ಬೇರೆ, ಮಾದರಿ ಅಳಿಸಿದ ನಾಳ ಬೇರೆ. ಆಳ ನಿಮಗೆ ಗೊತ್ತಿರುವುದರಿಂದ ಇವೆರಡನ್ನೂ ಬೇರ್ಪಡಿಸಬಹುದು.

ಭದ್ರತೆಯ ಬಗ್ಗೆ ಒಂದೇ ಮಾತು. 2018ರ ಡಿಸೆಂಬರಿನಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ನಡೆದ ಕೇಯಾಸ್ ಕಂಪ್ಯೂಟರ್ ಕ್ಲಬ್ ಎಂಬ ಹ್ಯಾಕರ್‌ಗಳ ಸಂಘದ ಸಮಾವೇಶದಲ್ಲಿ ಯಾನ್ ಕ್ರಿಸ್ಲರ್ ಮತ್ತು ಯೂಲಿಯಾನ್ ಆಲ್ಬ್ರೆಕ್ಟ್ ಅವರು ಅವಕೆಂಪು ಫಿಲ್ಟರ್ ಕಿತ್ತ ಕ್ಯಾಮೆರಾದಿಂದ ಕೈಯ ಚಿತ್ರ ತೆಗೆದು, ಅದನ್ನು ಮೇಣದ ಕೈಯೊಳಗೆ ಅಡಗಿಸಿ, ಅಭಿಧಮನಿ ಗುರುತಿಸುವ ಸಾಧನಗಳನ್ನು ವಂಚಿಸಿ ತೋರಿಸಿದ್ದರು. ಅಭಿಧಮನಿ ಒಳಗಿರುವುದರಿಂದ ಕದಿಯಲಾಗದು ಎಂಬ ನಂಬಿಕೆ ಅಂದಿಗೇ ಸಡಿಲವಾಯಿತು. ನಿಮ್ಮ ಚಿತ್ರಗಳು ಬೇರೊಬ್ಬರ ಬೆರಳಿನ ಪ್ರತಿಯಲ್ಲವೆಂದು ಖಚಿತವಾಗುವವರೆಗೆ ಸಂಗ್ರಹವನ್ನು ಸಾರ್ವಜನಿಕವಾಗಿ ಹಂಚಬೇಡಿ.

ಬೆರಳು_ಬೆಳಕು

ನಾಳಗಳ ಜಾಲ ಕಟ್ಟುವ ಕೆಲಸ ಆರಂಭಿಸಿದ್ದೇನೆ. ಬಲೆಯಂತೆ ಕೂಡುವ ಕವಲುಗಳು ಈಗ ಬರುತ್ತಿವೆ. ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ: ಬೆರಳನ್ನು ಎಷ್ಟು ಡಿಗ್ರಿಯವರೆಗೆ ಹೊರಳಿಸಬೇಕು? ಐದೋ ಇಪ್ಪತ್ತೋ ಎಂದು ಸುಮ್ಮನೆ ಆರಿಸಿಕೊಂಡರೆ ಅಂಕಗಳ ಬಾಲವನ್ನು ನನಗೆ ಬೇಕಾದಷ್ಟು ಎಳೆದಂತಾಗುತ್ತದೆ.

ಉತ್ತರ: ಹೊಂದಾಣಿಕೆ

ಆರಿಸಬೇಡಿ, ಅಳೆಯಿರಿ. ನಿಮ್ಮ ಸಾಧನದಲ್ಲಿ ಕ್ಯಾಮೆರಾ ಅಂಗೈ ಬದಿಯನ್ನು ನೋಡುತ್ತದೆ, ಉಗುರು ಮೇಲ್ಮುಖವಾಗಿರುತ್ತದೆ. ಉಗುರಿನ ನಟ್ಟನಡುವೆ ಬುಡದಿಂದ ತುದಿಯವರೆಗೆ ಪೆನ್ನಿನಿಂದ ಒಂದು ಗೆರೆ ಎಳೆದು, ಗೆರೆಯ ತುದಿ ಎತ್ತ ವಾಲಿದೆಯೆಂದು ಕಾಣುವಂತೆ ಬೆರಳ ತುದಿಯ ಎದುರಿಗೆ ಒಂದು ಮೊಬೈಲ್ ನಿಲ್ಲಿಸಿ. ಸಾಧನದಲ್ಲಿ ಚಿತ್ರ ತೆಗೆದಾಗಲೆಲ್ಲ ಅದರಲ್ಲೂ ಒಂದು ಫೋಟೊ ತೆಗೆಯಿರಿ. ಉಗುರು ಸಾಧನದ ಕ್ಯಾಮೆರಾದ ಕಣ್ಣಿಗೆ ಬೀಳದ ಬದಿಯಲ್ಲಿರುವುದರಿಂದ ಗೆರೆ ನಾಳಗಳ ಚಿತ್ರವನ್ನು ಕೆಡಿಸುವುದಿಲ್ಲ. ಅದೂ ಅಲ್ಲದೆ ಬಾಲ್‌ಪೆನ್ನಿನ ಶಾಯಿ ಎಷ್ಟೋ ವೇಳೆ ಅವಕೆಂಪಿನಲ್ಲಿ ಕಾಣುವುದೇ ಇಲ್ಲ. ಇಂಗಾಲವಿರುವ ಮಾರ್ಕರ್ ಮಾತ್ರ ಬೇಡ. ಪ್ರತಿಯೊಬ್ಬರೂ ಬೆರಳನ್ನು ಪೂರ್ತಿ ಹೊರತೆಗೆದು, ಎದ್ದು ನಾಲ್ಕು ಹೆಜ್ಜೆ ನಡೆದು, ಮತ್ತೆ ಬಂದು ಇಡಬೇಕು. ಕುಳಿತಲ್ಲೇ ಆರು ಸಲ ಇಟ್ಟರೆ ಆರೂ ಒಂದೇ ತರಹ ಇರುತ್ತವೆ. ಎಡಗೈಯವರನ್ನೂ ಸೇರಿಸಿಕೊಳ್ಳಿ. ಎಲ್ಲರಿಂದಲೂ ಲಿಖಿತ ಒಪ್ಪಿಗೆ ಪಡೆಯಿರಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ನಿಮ್ಮ ಮಾರ್ಗದರ್ಶಕರೊಂದಿಗೆ ಒಮ್ಮೆ ಓದಿಕೊಳ್ಳಿ. ಗೆರೆಗಳ ವಾಲುವಿಕೆಯಿಂದ ಕೋನಗಳ ಹಂಚಿಕೆ ಸಿಗುತ್ತದೆ, ಆ ಹಂಚಿಕೆಯಿಂದಲೇ ನಿಮ್ಮ ಕೃತಕ ಬೆರಳುಗಳ ಕೋನಗಳನ್ನು ಆರಿಸಿ.

ಬೆರಳು_ಬೆಳಕು

ನಿನ್ನೆ ಸಂಜೆ ಪ್ರಯೋಗಾಲಯದ ಒಂಬತ್ತು ಜನರ ಉಗುರಿನ ಮೇಲೆ ಗೆರೆ ಎಳೆದೆ. ತೋರುಬೆರಳು ಬಹುಮಟ್ಟಿಗೆ ನೆಟ್ಟಗೆ ಕೂರುತ್ತದೆ, ಆದರೆ ಉಂಗುರದ ಬೆರಳು ಇಟ್ಟ ಪ್ರತಿ ಸಲವೂ ಒಂದೇ ಕಡೆಗೆ ವಾಲುತ್ತಿದೆ. ತೊಟ್ಟಿಯನ್ನು ತೋರುಬೆರಳಿನ ಅಳತೆಗೆ ಕೊರೆದದ್ದು ನಾನೇ. ಕೃತಕ ಚಿತ್ರಗಳಲ್ಲಿ ಪ್ರತಿ ಬೆರಳಿಗೂ ಬೇರೆ ಬೇರೆ ಹಂಚಿಕೆ ಬಳಸುವುದೋ, ತೊಟ್ಟಿಯನ್ನೇ ಮತ್ತೆ ಕೊರೆಯುವುದೋ ಎಂದು ನಾಳೆ ಮಾರ್ಗದರ್ಶಕರನ್ನು ಕೇಳುತ್ತೇನೆ.